ಸೈಕಲ್ ಸವಾಲು–ಜವಾಬು: ಬಂಡಿದಾರಿ ಎಲ್ಲಿದೆ?

ಪ್ರ: ಗ್ರ್ಯಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೂ ಆಗುವಂಥದ್ದು) ಕೊಂಡಿದ್ದೇನೆ. ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನ ಹೀಟ್‌ಮ್ಯಾಪ್ ತೆರೆದರೆ ಬರೀ ಹೆದ್ದಾರಿ ಕಾಣುತ್ತದೆ. ಮಣ್ಣಿನ ದಾರಿ ಹುಡುಕುವುದು ಹೇಗೆ? (ತುಮಕೂರು)

ಉ: ಹೀಟ್‌ಮ್ಯಾಪಿನಲ್ಲಿ ಬೆಳಗುವುದು ಸ್ಟ್ರಾವಾ ಹಾಕಿಕೊಂಡವರು ಓಡಾಡಿದ ದಾರಿ ಮಾತ್ರ. ಹೊಲಕ್ಕೆ ಗೊಬ್ಬರ ಹೊಡೆಯುವ ಟ್ರ್ಯಾಕ್ಟರಿನವರು ಅದನ್ನು ಹಾಕಿಕೊಳ್ಳುವುದಿಲ್ಲವಲ್ಲ! ನಿಮಗೆ ಬೇಕಾದ್ದು ಗ್ರಾಮ ನಕ್ಷೆ. ರಾಜ್ಯದ ಭೂದಾಖಲೆ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಸಾಮಾನ್ಯವಾಗಿ ಜೋಡಿ ತುಂಡುಗೆರೆ ಎಂದರೆ ಬಂಡಿದಾರಿ, ಒಂಟಿಯಾದರೆ ಕಾಲುದಾರಿ. ನಕ್ಷೆಯ ಚಿಹ್ನೆಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ. ನಕ್ಷೆಯಲ್ಲಿರುವ ದಾರಿಯಾದರೆ ಯಾರದೋ ಹೊಲಕ್ಕೆ ನುಗ್ಗಿದಿರೆಂಬ ತಕರಾರು ಕಡಿಮೆ. ಸ್ಥಳದಲ್ಲಿ ಅನುಮಾನ ಬಂದರೆ ದಿಶಾಂಕ್ ಆ್ಯಪ್ ತೆರೆಯಿರಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ.

ಆದರೆ ಕಾಗದದ ಮೇಲಿರುವ ಎಷ್ಟೋ ಬಂಡಿದಾರಿಗಳನ್ನು ಅಕ್ಕಪಕ್ಕದವರು ಉತ್ತು ಹೊಲಕ್ಕೆ ಸೇರಿಸಿಕೊಂಡಿರುತ್ತಾರೆ. ಹಾಗಾಗಿ ಗೂಗಲ್ ಅರ್ಥ್‌ನಲ್ಲಿ ಹಳೆಯ ಚಿತ್ರಗಳನ್ನೂ ತೆರೆದು, ಮಾರ್ಚ್‌ನದನ್ನು ಅಕ್ಟೋಬರ್‌ನದರ ಪಕ್ಕ ಇಟ್ಟು ನೋಡಿ. ಎರಡು ಬಿಳಿಚು ಗೆರೆ, ನಡುವೆ ಹುಲ್ಲಿನ ಪಟ್ಟಿ ಕಂಡರೆ ಗಾಲಿ ಇನ್ನೂ ಉರುಳುತ್ತಿದೆ ಎಂದರ್ಥ. ಮಾರ್ಚ್‌ನಲ್ಲಿ ಹಳ್ಳ ದಾಟುವ ಕಡೆ ಬೆಳ್ಳಗೆ ಅಗಲವಾಗಿ ಕಂಡರೆ ಅದು ಮರಳು: ಇಳಿದು ತಳ್ಳಬೇಕು. ಗೆರೆ ಅಡಿಕೆ ತೋಟದೊಳಗೆ ಹೋಗಿ ನಿಂತಿತೋ, ಕೊನೆಯಲ್ಲಿ ಗೇಟು, ನಾಯಿ ಎರಡೂ ಇರುತ್ತವೆ. ಕ್ವಾರಿಗೆ ಹೋಗುವ ಅಗಲ ದಾರಿ ಚಿತ್ರದಲ್ಲಿ ಆಸೆ ಹುಟ್ಟಿಸುತ್ತದೆ. ಟಿಪ್ಪರ್ ದೂಳು ನೆನೆದು ಬಿಟ್ಟುಬಿಡಿ.

ಮೊದಲ ಸಲ 20–25 ಕಿ.ಮೀ. ಸುತ್ತು ಸಾಕು. ಹೋಗುವಾಗ ಗೊತ್ತಿಲ್ಲದ ಮಣ್ಣಿನ ದಾರಿ, ಬರುವಾಗ ಡಾಂಬರು. ಗಂಟೆಗೆ 12–15 ಕಿ.ಮೀ. ಲೆಕ್ಕ ಹಿಡಿಯಿರಿ. ದೇವರಾಯನದುರ್ಗದ ಕಾಡಿನೊಳಗಿನ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಬೇಡಿ. ಊರ್ಡಿಗೆರೆ ಕಡೆಯ ಹಳ್ಳಿಗಳ ನಡುವೆ ಹುಡುಕಿ. ಚಿರತೆ ಓಡಾಡುವ ಸೀಮೆ, ಮಬ್ಬುಗತ್ತಲಲ್ಲಿ ಬೇಡ.

ಪ್ರ: ನಾಲೆ ಏರಿಯ ಮೇಲೆ ಓಡಿಸಬಹುದೇ? (ಮಂಡ್ಯ)

ಉ: ಸಮತಟ್ಟು, ನೆರಳು, ವಾಹನ ಕಡಿಮೆ ಎಂದು ಮನಸ್ಸು ಎಳೆಯುತ್ತದೆ. ಆದರೆ ವಿಶ್ವೇಶ್ವರಯ್ಯ ನಾಲೆಯಂಥ ದೊಡ್ಡ ನಾಲೆ ಬೇಡ. ಬಹಳ ಕಡೆ ತಡೆಗೋಡೆಯಿಲ್ಲ, ಕಾಂಕ್ರೀಟ್ ಇಳಿಜಾರಿನಲ್ಲಿ ಪಾಚಿ. ಬಿದ್ದರೆ ಈಜು ಬಲ್ಲವರಿಗೂ ಹತ್ತಲಾಗದು. ಉಪನಾಲೆಗಳನ್ನು ಆರಿಸಿ, ನೀರಿನಿಂದ ದೂರದ ಗಾಲಿಜಾಡು ಹಿಡಿಯಿರಿ. ತೂಬಿನ ಹತ್ತಿರ ಏರಿ ಕೊರೆದಿರುತ್ತದೆ, ಇಳಿದು ದಾಟಿ. ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ನೀರಿನ ಕಡೆ ಸರಿಯಬೇಡಿ. ಜಲ್ಲೆ ಎರಡೂ ಬದಿಗೆ ಚಾಚಿರುತ್ತದೆ.

ಪ್ರ: ಪ್ರತಿ ಸವಾರಿಗೂ ಬಳ್ಳಾರಿ ಜಾಲಿ ಮುಳ್ಳು, ಪಂಕ್ಚರ್. ಏನು ಮಾಡಲಿ? (ಚಳ್ಳಕೆರೆ)

ಉ: ನಿಮ್ಮ ಸೀಮೆಯಲ್ಲಿ ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ ಟೈರು) ಶೋಕಿಯಲ್ಲ, ಅಗತ್ಯ. 40 ಮಿ.ಮೀ. ಟೈರಿಗೆ ತಲಾ 60 ಮಿ.ಲೀ. ಸೀಲೆಂಟ್ (ತೂತು ಮುಚ್ಚುವ ದ್ರವ) ಹಾಕಿ. ಬಿಸಿಲಿಗೆ ಬೇಗ ಒಣಗುತ್ತದೆ, 2 ತಿಂಗಳಿಗೊಮ್ಮೆ ನೋಡಿ. ಮುಳ್ಳು ಕಿತ್ತ ಕೂಡಲೇ ತೂತನ್ನು ಕೆಳಗೆ ಮಾಡಿ ಹಿಡಿಯಿರಿ, ದ್ರವ ಅಲ್ಲಿಗೆ ಇಳಿದು ಕಟ್ಟಿಕೊಳ್ಳುತ್ತದೆ. 70 ಕೆ.ಜಿ. ತೂಕದವರು ಮುಂದೆ 30, ಹಿಂದೆ 34 ಪಿಎಸ್‌ಐ ಗಾಳಿಯಿಂದ ಶುರುಮಾಡಿ, ರಿಮ್ ಕಲ್ಲಿಗೆ ಬಡಿದರೆ 2 ಏರಿಸಿ.

ಟ್ಯೂಬನ್ನೇ ಇಟ್ಟುಕೊಳ್ಳುತ್ತೀರಾದರೆ, ಪ್ಯಾಚ್ ಹಾಕಿದ ಮೇಲೆ ಟೈರಿನ ಒಳಗೆ ಹತ್ತಿಬಟ್ಟೆ ಎಳೆಯಿರಿ. ಮುರಿದ ಮುಳ್ಳಿನ ತುದಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಎರಡನೇ ಪಂಕ್ಚರ್ ಆಗುವುದು ಬಹುಪಾಲು ಆ ತುದಿಯಿಂದಲೇ.

ಪ್ರ: ಮಳೆಯಾದ ಮರುದಿನ ಎರೆ ಹೊಲದ ದಾರಿಯಲ್ಲಿ ಹೋಗಬಹುದೇ? (ಗದಗ)

ಉ: ಬೇಡ. ನೂರು ಮೀಟರಿಗೇ ಮಣ್ಣು ಫೋರ್ಕಿನೊಳಗೆ ಕಟ್ಟಿ ಗಾಲಿ ನಿಲ್ಲುತ್ತದೆ. ಹಟ ಹಿಡಿದು ತುಳಿದರೆ ಡಿರೈಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಸಾಧನವನ್ನು ಹಿಡಿದಿರುವ ತುಂಡು) ಮುರಿಯುತ್ತದೆ. 2–3 ಬಿಸಿಲು ಬೀಳಲಿ, ಅಲ್ಲಿಯವರೆಗೆ ಗರಸು ಹಾಕಿದ ರಸ್ತೆ. ಸಿಕ್ಕಿಬಿದ್ದಿರಾದರೆ ತಳ್ಳಬೇಡಿ, ಹೆಗಲಿಗೇರಿಸಿ.