ಗಿಬ್ ರಿವರ್ ರೋಡ್‌ಗೆ ಗೈಡ್ ಜೊತೆ ಕ್ಯಾಂಪಿಂಗ್ ಹೋಗಬೇಕಾ, ನಾವೇ ಗಾಡಿ ತಗೊಂಡು ಹೋದರೆ ಸಾಕಾ?

ಗೈಡ್ ಜೊತೆಗೇ ಹೋಗಿ. ನಿಮ್ಮ ಮಗಳು ಪರ್ತ್‌ನಲ್ಲಿ ಎಷ್ಟೇ ಚೆನ್ನಾಗಿ ಕಾರು ಓಡಿಸುತ್ತಿರಲಿ, ಪಶ್ಚಿಮ ಆಸ್ಟ್ರೇಲಿಯಾದ ಉತ್ತರಕ್ಕಿರುವ ಕಿಂಬರ್ಲಿಯ ಆ ದಾರಿಯ ಮಟ್ಟಿಗೆ ನನ್ನದು ಇದೇ ಮಾತು.

ನೀವು ಹೇಳಿರುವುದು ಇಷ್ಟು: ಗಂಡ ಹೆಂಡತಿ ಇಬ್ಬರಿಗೂ ಐವತ್ತು ದಾಟಿದೆ, ಜುಲೈನಲ್ಲಿ ಬರುತ್ತೀರಿ, ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಟೆಂಟಿನಲ್ಲಿ ಮಲಗಿ ಗೊತ್ತಿಲ್ಲ. ಅಷ್ಟೊಂದು ದುಡ್ಡು ಕೊಟ್ಟು ನೆಲದ ಮೇಲೆ ಮಲಗುವ ಬದಲು ಒಂದು ಫೋರ್ ವೀಲ್ ಡ್ರೈವ್ ಬಾಡಿಗೆಗೆ ತಗೊಂಡರೆ ಆಗಲ್ವಾ ಅನ್ನುವುದು ಪ್ರಶ್ನೆ. ನಾನು ಪರ್ತ್‌ನಲ್ಲಿರುವವಳು, ಊರು ಹಾವೇರಿ ಕಡೆ. ಆ ದಾರಿಯಲ್ಲಿ ನಮ್ಮದೇ ಗಾಡಿಯಲ್ಲೂ ಹೋಗಿದ್ದೇವೆ, ಗುಂಪಿನ ಟ್ರಿಪ್‌ನಲ್ಲೂ ಹೋಗಿದ್ದೇವೆ.

ಡರ್ಬಿಯಿಂದ ಕುನನುರಾ ಕಡೆಗೆ ಸುಮಾರು 660 ಕಿಲೋಮೀಟರ್. ಒಳನಾಡಿನ ದನದ ಫಾರಂಗಳಿಂದ ಬಂದರಿಗೆ ದನ ಸಾಗಿಸಲು ಮಾಡಿದ ದಾರಿ ಅದು, ನಮ್ಮಂಥ ಪ್ರವಾಸಿಗಳಿಗಲ್ಲ. ಡರ್ಬಿ ಬದಿಗೆ ಒಂದಷ್ಟು ದೂರ ಡಾಂಬರು ಇದೆ, ಆಮೇಲೆ ಕೆಂಪು ಮಣ್ಣು, ಜಲ್ಲಿ, ರಸ್ತೆಯುದ್ದಕ್ಕೂ ಅಡ್ಡಡ್ಡ ಏಣು. ಆ ಏಣುಗಳ ಮೇಲೆ ಗಂಟೆಗಟ್ಟಲೆ ಓಡಿದರೆ ಗಾಡಿಯ ನಟ್ಟು ಬೋಲ್ಟು ಒಂದೊಂದಾಗಿ ಸಡಿಲಾಗುತ್ತವೆ. ಟೈರಿನ ಗಾಳಿ ಎಷ್ಟು ಇಳಿಸಬೇಕು, ಎಲ್ಲಿ ಮತ್ತೆ ತುಂಬಿಸಬೇಕು, ಒಂದೇ ದಿನ ಎರಡು ಟೈರು ಹರಿದರೆ ಏನು ಮಾಡಬೇಕು, ಇದೆಲ್ಲ ಗೊತ್ತಿರಬೇಕು. ಡೀಸೆಲ್‌ಗೆ ಮೌಂಟ್ ಬಾರ್ನೆಟ್ ರೋಡ್‌ಹೌಸ್ ಡರ್ಬಿಯಿಂದ ಸುಮಾರು 300 ಕಿಲೋಮೀಟರ್ ಒಳಗಿದೆ. ಮೊಬೈಲ್ ಸಿಗ್ನಲ್ ಹೆಚ್ಚಿನ ಕಡೆ ಇಲ್ಲವೇ ಇಲ್ಲ. ಬಾಡಿಗೆ ಕಂಪನಿಗಳು ಅನೇಕವು ಈ ರೋಡಿಗೆ ಗಾಡಿ ಒಯ್ಯಲು ಬಿಡುವುದಿಲ್ಲ. ಬಿಟ್ಟರೂ ನೀರು ದಾಟುವಾಗ ಆದ ಹಾನಿ ಸಾಮಾನ್ಯವಾಗಿ ನಿಮ್ಮ ತಲೆಗೇ. ಅಗ್ರಿಮೆಂಟಿನ ಸಣ್ಣಕ್ಷರ ಓದಿಸಿ.

ನೀರು ದಾಟುವುದು ಅಂದೆನಲ್ಲ, ಪೂರ್ವದ ತುದಿಯಲ್ಲಿ ಪೆಂಟಕೋಸ್ಟ್ ನದಿ ಬರುತ್ತದೆ. ಅಗಲವಾದ ನದಿ, ಹಿಂದೆ ಕೋಬರ್ನ್ ಬೆಟ್ಟಸಾಲು, ಎಲ್ಲರೂ ಫೋಟೋ ಹಾಕುವ ಜಾಗ. ಬೇರೆ ಹೊಳೆಗಳಲ್ಲಾದರೆ ಮೊದಲು ಒಬ್ಬರು ಇಳಿದು, ನಡೆದು ಆಳ ನೋಡಿ ಆಮೇಲೆ ಗಾಡಿ ಇಳಿಸುತ್ತಾರೆ. ಇಲ್ಲಿ ಹಾಗೆ ಇಳಿಯುವಂತಿಲ್ಲ, ಉಪ್ಪುನೀರಿನ ಮೊಸಳೆ ಇದೆ. ಮುಂದೆ ಹೋಗುವ ಗಾಡಿಯ ಚಕ್ರ ಎಷ್ಟು ಮುಳುಗುತ್ತದೆ ಅಂತ ದಂಡೆಯಲ್ಲಿ ನಿಂತು ನೋಡಿಕೊಂಡೇ ಲೆಕ್ಕ ಹಾಕಬೇಕು.

ಗೈಡ್ ಬೇಕು ಅನ್ನುವುದಕ್ಕೆ ನನ್ನ ದೊಡ್ಡ ಕಾರಣವೂ ಈ ಮೊಸಳೆಯೇ. ಅಲ್ಲಿ ಎರಡು ಜಾತಿ. ಸಿಹಿನೀರಿನದು ಸಣ್ಣದು, ಮೂತಿ ಸಪೂರ, ಹೆಚ್ಚಾಗಿ ಮೀನು ಹಿಡಿದು ತಿನ್ನುತ್ತದೆ, ತಾನಾಗಿ ಮೈಮೇಲೆ ಬರುವುದು ಕಡಿಮೆ. ಉಪ್ಪುನೀರಿನದು ಆರು ಮೀಟರ್ ಬೆಳೆಯುವ ಪ್ರಾಣಿ, ಹೆಸರು ಉಪ್ಪುನೀರಿನದಾದರೂ ನದಿಯಲ್ಲಿ ಬಹಳ ಮೇಲಿನವರೆಗೆ ಬರುತ್ತದೆ. ಯಾವ ಮಡುವಿನಲ್ಲಿ ಈಜಬಹುದು, ಯಾವುದರ ದಂಡೆಗೂ ಹೋಗಬಾರದು ಅನ್ನುವುದು ಪ್ರತಿ ಮಳೆಗಾಲ ಕಳೆದ ಮೇಲೆ ಹೊಸದಾಗಿ ನೋಡಿ ತೀರ್ಮಾನಿಸುವ ವಿಷಯ. ಹತ್ತು ವರ್ಷದ ಹಿಂದೆ ಯಾರೋ ಹಾಕಿದ ಯೂಟ್ಯೂಬ್ ವಿಡಿಯೋ ನೋಡಿ ನೀರಿಗಿಳಿಯುವುದು ಬೇಡ.

ಪಶ್ಚಿಮದ ತುದಿಯ ವಿಂಜಾನಾ ಗಾರ್ಜ್, ಅಂದರೆ ಕಡಿದಾದ ಕಣಿವೆ, ಈ ಸಿಹಿನೀರಿನ ಮೊಸಳೆ ನೋಡಲು ಒಳ್ಳೆಯ ಜಾಗ. ಅಲ್ಲಿನ ಮೂಲನಿವಾಸಿ ಬುನುಬಾ ಜನ ಇದನ್ನು ಕರೆಯುವ ಹೆಸರು ಬಂಡಿಲ್ಙನ್, ಈಗ ಬೋರ್ಡಿನಲ್ಲೂ ಅದೇ ಇರುತ್ತದೆ. ಲೆನಾರ್ಡ್ ನದಿ ಸುಣ್ಣದ ಕಲ್ಲಿನ ಬೆಟ್ಟವನ್ನು ಮೂರೂವರೆ ಕಿಲೋಮೀಟರ್ ಉದ್ದಕ್ಕೆ ಕೊರೆದಿದೆ, ಗೋಡೆಗಳು ಕೆಲವು ಕಡೆ ನೂರು ಮೀಟರ್ ಎತ್ತರ. ಆ ಬೆಟ್ಟ 35 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದೊಳಗೆ ಬೆಳೆದ ರೀಫ್, ಅಂದರೆ ಸಮುದ್ರಜೀವಿಗಳು ಕಟ್ಟಿದ ದಿಬ್ಬ. ಗೋಡೆಯಲ್ಲಿ ಚಿಪ್ಪಿನ ಪಳೆಯುಳಿಕೆ ಕೈಗೇ ಸಿಗುತ್ತವೆ. ಜುಲೈಗೆ ನದಿ ಹರಿಯುವುದು ನಿಂತು ಮಡುಗಳಾಗಿರುತ್ತದೆ, ಮರಳ ದಂಡೆಯ ಮೇಲೆ ಮೊಸಳೆಗಳು ಸಾಲಾಗಿ ಬಿಸಿಲು ಕಾಯುತ್ತಿರುತ್ತವೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಟನಲ್ ಕ್ರೀಕ್. ಇಡೀ ಟ್ರಿಪ್‌ನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಬೆಟ್ಟದ ಅಡಿಯಲ್ಲಿ ಹೊಳೆ ಕೊರೆದ 750 ಮೀಟರ್ ಸುರಂಗ. ಬಾಗಿಲಲ್ಲೇ ದೊಡ್ಡ ಬಂಡೆಗಳ ಸಂದಿಯಲ್ಲಿ ತೂರಬೇಕು, ಸಾವಿರಾರು ಕೈ ಸವರಿ ಆ ಬಂಡೆ ನುಣ್ಣಗೆ ಹೊಳೆಯುತ್ತದೆ. ಆಮೇಲೆ ಕತ್ತಲೆ, ಮೊಣಕಾಲವರೆಗೆ ತಣ್ಣೀರು, ತಲೆಯ ಮೇಲೆ ಬಾವಲಿಗಳ ಗಲಾಟೆ. ಟಾರ್ಚ್ ನೀರಿಗೆ ಬಿಟ್ಟರೆ ಸಣ್ಣ ಮೀನು ಓಡುವುದು ಕಾಣುತ್ತದೆ. ನಡುವೆ ಒಂದು ಕಡೆ ಛಾವಣಿ ಕುಸಿದು ಬೆಳಕು ಬೀಳುತ್ತದೆ, ಆಮೇಲೆ ಮತ್ತೆ ಕತ್ತಲೆ. ನೆನೆದರೂ ಪರವಾಗಿಲ್ಲ ಅನ್ನುವ ಶೂ ಹಾಕಿ, ಚಪ್ಪಲಿ ಕೆಸರಲ್ಲಿ ಕಚ್ಚಿಕೊಂಡು ಕಿತ್ತುಹೋಗುತ್ತದೆ.

ಈ ಸುರಂಗ ಜಂಡಮಾರಾ ಅಡಗುತ್ತಿದ್ದ ಜಾಗ. ಬುನುಬಾ ಹುಡುಗ, ಮೊದಲು ಬಿಳಿಯರ ಫಾರಂನಲ್ಲಿ ಕೆಲಸ, ಆಮೇಲೆ ಪೊಲೀಸರಿಗೆ ಜಾಡು ಹಿಡಿದು ಕೊಡುವ ಟ್ರ್ಯಾಕರ್. ಹಿಡಿಯಬೇಕಾದದ್ದು ತನ್ನವರನ್ನೇ. 1894ರಲ್ಲಿ ಜೊತೆಗಿದ್ದ ಪೊಲೀಸನನ್ನು ಗುಂಡಿಟ್ಟು ಕೊಂದು, ಸರಪಳಿ ಹಾಕಿ ಇಟ್ಟಿದ್ದ ಬಂಧುಗಳನ್ನು ಬಿಡಿಸಿಕೊಂಡು ಹೋದ. ಅದೇ ವರ್ಷ ವಿಂಜಾನಾದಲ್ಲಿ ಪೊಲೀಸರ ಜೊತೆ ದೊಡ್ಡ ಕಾಳಗ ನಡೆದು, ಗಾಯಗೊಂಡು ತಪ್ಪಿಸಿಕೊಂಡ. ಕೊನೆಗೆ 1897ರ ಏಪ್ರಿಲ್ 1ರಂದು ಇದೇ ಟನಲ್ ಕ್ರೀಕ್ ಬಳಿ ಅವನನ್ನು ಕೊಂದವನೂ ಇನ್ನೊಬ್ಬ ಮೂಲನಿವಾಸಿ ಟ್ರ್ಯಾಕರ್. ಇದನ್ನು ಕತ್ತಲಲ್ಲಿ ನೀರಲ್ಲಿ ನಿಂತು ಬುನುಬಾದವರೇ ಹೇಳಿ ಕೇಳುವುದಕ್ಕೂ ಬೋರ್ಡ್ ಓದುವುದಕ್ಕೂ ಬಹಳ ವ್ಯತ್ಯಾಸ. ಟ್ರಿಪ್ ಆರಿಸುವಾಗ ಎಲ್ಲಾದರೂ ಸ್ಥಳೀಯ ಮೂಲನಿವಾಸಿ ಗೈಡ್ ಇರುತ್ತಾರಾ ಅಂತ ಕೇಳಿ. ಇದ್ದರೆ ನೂರಿನ್ನೂರು ಡಾಲರ್ ಹೆಚ್ಚಾದರೂ ಅದನ್ನೇ ಹಿಡಿಯಿರಿ.

ಮಲಗುವ ವಿಷಯಕ್ಕೆ ಬರೋಣ. ಸ್ವಾಗ್ ಅಂದರೆ ದಪ್ಪ ಕ್ಯಾನ್ವಾಸ್ ಚೀಲದೊಳಗೆ ಹಾಸಿಗೆ. ಬಿಚ್ಚಿದರೆ ಮಂಚ, ಸುತ್ತಿದರೆ ಗಂಟು. ನೆಲ ಒತ್ತುವುದಿಲ್ಲ, ಹೆದರಬೇಡಿ. ಸ್ವಾಗ್ ಬೇಡವೆಂದರೆ ಮಂಚ ಹಾಕಿದ ಟೆಂಟ್ ಕೊಡುವ ಟ್ರಿಪ್‌ಗಳೂ ಇವೆ, ದರ ಜಾಸ್ತಿ. ಜುಲೈನಲ್ಲಿ ಹಗಲು ಮೂವತ್ತು ಡಿಗ್ರಿ ಇದ್ದರೂ ಒಳನಾಡಿನಲ್ಲಿ ರಾತ್ರಿ ಹತ್ತಕ್ಕಿಂತ ಕೆಳಗೂ ಇಳಿಯುತ್ತದೆ. ಸ್ವೆಟರ್, ಮಂಕಿ ಕ್ಯಾಪ್ ಎರಡೂ ಇರಲಿ, ಅಲ್ಲಿ ಯಾರೂ ನಗುವುದಿಲ್ಲ. ಕಕ್ಕಸು ಹೆಚ್ಚಿನ ಕಡೆ ಗುಂಡಿಯದು. ಕೆಲವು ಕ್ಯಾಂಪಿನಲ್ಲಿ ಕಟ್ಟಿಗೆ ಉರಿಸಿ ಹಂಡೆಯಲ್ಲಿ ಕಾಯಿಸಿದ ನೀರೇ ಶವರ್‌ಗೆ ಬರುತ್ತದೆ, ಕೆಲವು ಕಡೆ ಸ್ನಾನವೇ ಇಲ್ಲ, ಗಾರ್ಜಿನ ನೀರೇ ಗತಿ. ಪಾತ್ರೆ ತೊಳೆಯುವುದು, ಟ್ರೇಲರ್‌ನಿಂದ ಸಾಮಾನು ಇಳಿಸುವುದು ಎಲ್ಲರೂ ಸೇರಿ. ಯಜಮಾನರಿಗೆ ಮೊದಲೇ ಹೇಳಿಡಿ.

ಊಟ: ಸಸ್ಯಾಹಾರ ಅಂತ ಮಾತ್ರ ಬರೆದರೆ ಬೆಳಿಗ್ಗೆ ಮೊಟ್ಟೆ ಎದುರಿಗೆ ಬರುತ್ತದೆ. ಮಾಂಸ, ಮೀನು, ಮೊಟ್ಟೆ ಮೂರೂ ಇಲ್ಲ ಅಂತ ಬುಕ್ಕಿಂಗ್ ಮಾಡುವಾಗಲೇ ಬಿಡಿಸಿ ಬರೆಯಿರಿ. ಅಡುಗೆ ಮಾಡುವುದು ಹೆಚ್ಚಾಗಿ ಗಾಡಿ ಓಡಿಸುವ ಗೈಡೇ. ಬೆಂಕಿಯ ಒಂದೇ ಕಂಬಿಯ ಮೇಲೆ ಮಾಂಸದ ಪಕ್ಕದಲ್ಲೇ ನಿಮ್ಮ ಆಲೂಗಡ್ಡೆಯೂ ಬೇಯುತ್ತಿರುತ್ತದೆ. ಅದು ಆಗದು ಅಂದರೆ ಬೇರೆ ಪಾತ್ರೆ ಕೇಳಿ, ಕೊಡುತ್ತಾರೆ. ಕೆಂಡದ ಮೇಲಿನ ದಪ್ಪ ಪಾತ್ರೆಯಲ್ಲಿ ಸುಡುವ ಡ್ಯಾಂಪರ್ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಚೆನ್ನಾಗಿ ಹೊಂದುತ್ತದೆ. ಪುಡಿ ಪರ್ತ್‌ನ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ. ಊರಿಂದ ತರುವುದಾದರೆ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ತಿಂಡಿ ಇದೆ ಅಂತ ತಪ್ಪದೆ ಬರೆಯಿರಿ. ಡಾರ್ವಿನ್ ಕಡೆಯಿಂದ ರಸ್ತೆಯಲ್ಲಿ ಬರುವ ಯೋಚನೆ ಇದ್ದರೆ ರಾಜ್ಯದ ಗಡಿಯಲ್ಲಿ ಹಣ್ಣು, ತರಕಾರಿ, ಜೇನುತುಪ್ಪ ತೆಗೆದಿಟ್ಟುಕೊಳ್ಳುತ್ತಾರೆ.

ದಾರಿಯುದ್ದಕ್ಕೂ ಹೊಟ್ಟೆ ಉಬ್ಬಿದ ಬೋಆಬ್ ಮರಗಳು ಸಿಗುತ್ತವೆ. ಸವಣೂರಿನ ದೊಡ್ಡಹುಣಸೆ ಮಠದ ಮರಗಳನ್ನು ನೋಡಿದ್ದರೆ ಗುರುತು ಹಿಡಿಯುತ್ತೀರಿ, ಸವಣೂರಿನವು ಆಫ್ರಿಕಾ ಮೂಲದವು, ಇವು ಅದೇ ಕುಲದ ಆಸ್ಟ್ರೇಲಿಯಾದ ಜಾತಿ. ಡರ್ಬಿ ಹತ್ತಿರದ ಒಂದು ದೊಡ್ಡ ಮರದೊಳಗೆ ಕೈದಿಗಳನ್ನು ಕೂಡಿಹಾಕುತ್ತಿದ್ದರು ಅಂತ ಹೇಳುತ್ತಾರೆ. ಅದಕ್ಕೆ ದಾಖಲೆ ಇಲ್ಲ ಅನ್ನುತ್ತಾರೆ ಇತಿಹಾಸಕಾರರು.

ಈಗ ಯಾವ ಟ್ರಿಪ್ ಅನ್ನುವುದು. ಬ್ರೋಶರಿನಲ್ಲಿ ಎಷ್ಟು ಗಾರ್ಜ್ ಇವೆ ಅಂತ ಎಣಿಸಬೇಡಿ, ಒಂದೇ ಕ್ಯಾಂಪಿನಲ್ಲಿ ಎರಡು ರಾತ್ರಿ ಎಲ್ಲೆಲ್ಲಿ ನಿಲ್ಲುತ್ತಾರೆ ನೋಡಿ. ದಿನಾ ಗಂಟು ಕಟ್ಟಿ ಬಿಚ್ಚುವುದರಲ್ಲೇ ಸುಸ್ತಾಗುತ್ತದೆ. ಮಿಚೆಲ್ ಫಾಲ್ಸ್ ನಿಮಗೆ ಬೇಡ ಅನ್ನುತ್ತೇನೆ: ಗಿಬ್ ರೋಡ್ ಬಿಟ್ಟು ಒಂದು ಕಡೆಗೇ ಸುಮಾರು 250 ಕಿಲೋಮೀಟರ್ ಇನ್ನೂ ಕೆಟ್ಟ ದಾರಿ. ಆ ಸಮಯವನ್ನು ಬೆಲ್ ಗಾರ್ಜ್, ಮ್ಯಾನಿಂಗ್ ಗಾರ್ಜ್‌ಗೆ ಕೊಡಿ. ಬೆಲ್‌ನಲ್ಲಿ ಜಲಪಾತದ ಕೆಳಗಿನ ಮಡುವಿಗೆ ಬಂಡೆ ಹಿಡಿದು ಇಳಿಯಬೇಕು. ಮ್ಯಾನಿಂಗ್‌ನಲ್ಲಿ ಶುರುವಿನಲ್ಲೇ ನದಿಯನ್ನು ಈಜಿಯೋ, ಹಗ್ಗ ಎಳೆದು ಸಾಗುವ ಸಣ್ಣ ದೋಣಿಯಲ್ಲೋ ದಾಟಿ, ಆಮೇಲೆ ನೆರಳಿಲ್ಲದ ಬಿಸಿಲಲ್ಲಿ ನಡೆಯಬೇಕು. ಬೆಳಿಗ್ಗೆಯೇ ಹೊರಡಿಸುವ ಗೈಡ್ ಒಳ್ಳೆಯ ಗೈಡ್. ಹಳೆಯ ಮ್ಯಾಪಿನಲ್ಲಿ ಬೆಲ್ ಇರುವ ಬೆಟ್ಟಸಾಲಿಗೆ ಕಿಂಗ್ ಲಿಯೋಪೋಲ್ಡ್ ಅಂತ ಇರುತ್ತದೆ, ಕಾಂಗೋದಲ್ಲಿ ಜನರನ್ನು ಕೊಲ್ಲಿಸಿದ ಬೆಲ್ಜಿಯಂ ರಾಜ. 2020ರಲ್ಲಿ ಆ ಹೆಸರು ತೆಗೆದು ವುನಾಮಿನ್ ಮಿಲಿವುಂಡಿ ಅಂತ ಮಾಡಿದರು.

ಜುಲೈ ಅಲ್ಲಿ ಸೀಸನ್ನಿನ ನಡುಮಧ್ಯ, ಶಾಲೆಗಳ ರಜೆಯೂ ಅದೇ ಹೊತ್ತಿಗೆ, ಸೀಟು ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ. ಖರ್ಚು ತಲೆಗೆ ದಿನಕ್ಕೆ ಕೆಲವು ನೂರು ಡಾಲರ್; ಗಾಡಿ ಬಾಡಿಗೆ, ಡೀಸೆಲ್, ಇನ್ನೊಂದು ಊರಲ್ಲಿ ಗಾಡಿ ಬಿಡುವ ಶುಲ್ಕ ಎಲ್ಲ ಕೂಡಿಸಿ ನೋಡಿದರೆ ನೀವು ಅಂದುಕೊಂಡಷ್ಟು ಅಂತರ ಉಳಿಯುವುದಿಲ್ಲ. ವಿಮಾನದಲ್ಲಿ ಆಸ್ಪತ್ರೆಗೆ ಒಯ್ಯುವ ಖರ್ಚು ಭರಿಸುವ ಪ್ರಯಾಣ ವಿಮೆ ಮಾಡಿಸಲೇಬೇಕು.

ಇಬ್ಬರಲ್ಲಿ ಒಬ್ಬರಿಗೆ ಮಂಡಿ ನೋವಿದ್ದರೆ ಮಾತ್ರ ನನ್ನ ಉತ್ತರ ಬದಲಾಗುತ್ತದೆ. ಆಗ ಕರಾವಳಿಯ ಬ್ರೂಮ್ ಊರಿನಲ್ಲಿ ಹೋಟೆಲ್ ಹಿಡಿದು, ವಿಂಜಾನಾ ಮತ್ತು ಟನಲ್ ಕ್ರೀಕ್ ಎರಡನ್ನೂ ಒಂದೇ ದಿನದಲ್ಲಿ ತೋರಿಸಿ ತರುವ ಟ್ರಿಪ್ ನೋಡಿ. ಉದ್ದದ ದಿನ, ಆದರೆ ರಾತ್ರಿ ಮಂಚ ಸಿಗುತ್ತದೆ. ಟನಲ್ ಕ್ರೀಕ್‌ನ ಬಂಡೆ ಹತ್ತಲಾಗದಿದ್ದರೆ ಒಬ್ಬರು ಹೊರಗೆ ನೆರಳಲ್ಲಿ ಕೂರಬಹುದು. ಯಾವ ಟ್ರಿಪ್ ನೋಡುತ್ತಿದ್ದೀರೋ ಅದರ ದಿನದಿನದ ಪಟ್ಟಿ ಇಲ್ಲೇ ಹಾಕಿ, ಯಾವ ನಡಿಗೆ ಕಷ್ಟ, ಯಾವುದು ಸಲೀಸು ಅಂತ ಗುರುತು ಹಾಕಿಕೊಡುತ್ತೇನೆ.