ಜಾವಾ ಇದ್ದರೂ ಆರ್‌ಜಾವಾ ಲೋಡ್ ಆಗದಿರುವುದೇಕೆ?

ದತ್ತಾಂಶ ವಿಶ್ಲೇಷಣೆಯ ಭಾಷೆಯಾದ ಆರ್‌ನಲ್ಲಿ ಎಕ್ಸೆಲ್ ಕಡತ ಓದಲೆಂದು ಎಕ್ಸ್‌ಎಲ್‌ಎಸ್‌ಎಕ್ಸ್ ಪ್ಯಾಕೇಜನ್ನು ಲೋಡ್ ಮಾಡಿದೊಡನೆ, ಅದು ಅವಲಂಬಿಸಿರುವ, ಆರ್‌ಗೆ ಜಾವಾವನ್ನು ಜೋಡಿಸುವ ಆರ್‌ಜಾವಾ ಪ್ಯಾಕೇಜು ನಿಂತುಹೋಗಿ, ಜಾವಾ ಹೋಮ್ (ಜಾವಾ ಇರುವ ಫೋಲ್ಡರು) ಯಾವುದೆಂದು ರಿಜಿಸ್ಟ್ರಿಯಿಂದ (ವಿಂಡೋಸ್‌ನ ಸೆಟ್ಟಿಂಗ್‌ಗಳ ಕೋಶದಿಂದ) ತಿಳಿಯಲಾಗಲಿಲ್ಲ ಎಂಬ ದೋಷಸಂದೇಶ ಬರುತ್ತಿದೆ, ಆರ್ 4.3 ಅನ್ನು ಅಳಿಸಿ ಮತ್ತೆ ಹಾಕಿದರೂ ಪ್ರಯೋಜನವಾಗಿಲ್ಲ ಎಂದು ಬರೆದಿದ್ದೀರಿ. ಜಾವಾ 'ಪ್ರೋಗ್ರಾಂ ಫೈಲ್ಸ್ ಎಕ್ಸ್86' ಫೋಲ್ಡರಿನಲ್ಲಿದೆ ಎಂದು ನೀವು ಕೊನೆಯಲ್ಲಿ ಹೇಳಿರುವ ಮಾತೇ ಇಲ್ಲಿ ಮುಖ್ಯವಾದುದು.

64 ಬಿಟ್ ವಿಂಡೋಸ್‌ನಲ್ಲಿ ಆ ಫೋಲ್ಡರು 32 ಬಿಟ್ ತಂತ್ರಾಂಶಗಳಿಗೆಂದು ಇರುವುದು. ಆರ್ ಆದರೋ, 2022ರ ಏಪ್ರಿಲ್‌ನಲ್ಲಿ ಬಂದ 4.2.0 ಆವೃತ್ತಿಯಿಂದೀಚೆಗೆ ವಿಂಡೋಸ್‌ನಲ್ಲಿ 64 ಬಿಟ್ ರೂಪದಲ್ಲಿ ಮಾತ್ರ ದೊರೆಯುತ್ತದೆ. ಅಂದಮೇಲೆ ನಿಮ್ಮಲ್ಲಿರುವುದು 64 ಬಿಟ್ ಆರ್ ಮತ್ತು 32 ಬಿಟ್ ಜಾವಾ. ಆರ್ ಅನ್ನು ಎಷ್ಟು ಸಲ ಮರುಸ್ಥಾಪಿಸಿದರೂ ಈ ಹೊಂದಾಣಿಕೆಯ ಕೊರತೆ ನೀಗುವುದಿಲ್ಲ.

ಇತರ ಜಾವಾ ತಂತ್ರಾಂಶಗಳು ಅದೇ ಗಣಕದಲ್ಲಿ ಚೆನ್ನಾಗಿಯೇ ಓಡುತ್ತಿವೆಯಲ್ಲ ಎಂಬ ನಿಮ್ಮ ಸಂದೇಹ ಸಹಜವಾದದ್ದು. ಅವು ತಮ್ಮದೇ ಪ್ರತ್ಯೇಕ ಪ್ರೊಸೆಸ್‌ನಲ್ಲಿ, ಅಂದರೆ ಓಡುವ ತಂತ್ರಾಂಶಕ್ಕೆ ವಿಂಡೋಸ್ ಕೊಡುವ ಸ್ವಂತ ಆವರಣದಲ್ಲಿ, ಓಡುತ್ತವೆ. ಆರ್‌ಜಾವಾ ಹಾಗಲ್ಲ, ಅದು ಜಾವಾವನ್ನು ಓಡಿಸುವ ಜೆವಿಎಂ ಡಿಎಲ್‌ಎಲ್ ಕಡತವನ್ನು ಆರ್‌ನ ಪ್ರೊಸೆಸ್‌ನೊಳಕ್ಕೇ ಎಳೆದುಕೊಳ್ಳುತ್ತದೆ. ಮೆಮೊರಿಯ ವಿಳಾಸವೊಂದು ಆರ್‌ನಲ್ಲಿ 8 ಬೈಟ್, ನಿಮ್ಮ ಜಾವಾದಲ್ಲಿ 4 ಬೈಟ್ ಇರುವಾಗ, ಎರಡೂ ಒಂದೇ ಪ್ರೊಸೆಸ್‌ನಲ್ಲಿ ಇರಲು ವಿಂಡೋಸ್ ಬಿಡುವುದಿಲ್ಲ. ಆದರೆ ನಿಮ್ಮ ಪ್ರಕರಣ ಅಲ್ಲಿಯವರೆಗೂ ಹೋಗಿಲ್ಲ. 32 ಬಿಟ್ ಜಾವಾ ತನ್ನ ವಿವರವನ್ನು ರಿಜಿಸ್ಟ್ರಿಯ 'ವಾವ್6432ನೋಡ್' ಎಂಬ ಬೇರೆ ಕವಲಿನಲ್ಲಿ ಬರೆದಿಡುತ್ತದೆ, 64 ಬಿಟ್ ಆರ್ ಆ ಕವಲನ್ನು ನೋಡುವುದಿಲ್ಲ. ಹೀಗಾಗಿ ಜಾವಾ ಇದ್ದೂ ಇಲ್ಲದಂತಾಗಿದೆ. ಸಂದೇಶದಲ್ಲಿ ಬಿಟ್‌ನ ಸುದ್ದಿಯೇ ಬಾರದಿರುವುದರಿಂದ ಜನ ರಿಜಿಸ್ಟ್ರಿಯನ್ನು ಕೆದಕತೊಡಗುತ್ತಾರೆ. ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ. ಜಾವಾ ಹೋಮ್‌ಗೆ ಈಗಿರುವ ಫೋಲ್ಡರನ್ನೇ ಕೈಯಾರೆ ತುಂಬಿದರೂ ದೋಷ ಹೋಗದು, '%1 ಸರಿಯಾದ ವಿನ್32 ಅಪ್ಲಿಕೇಶನ್ ಅಲ್ಲ' ಎಂಬ ಅರ್ಥದ ಇನ್ನೊಂದು ಸಂದೇಶವಾಗಿ ಬದಲಾಗುತ್ತದೆ, ಅಷ್ಟೆ.

ಮೊದಲು ಕಮಾಂಡ್ ಪ್ರಾಂಪ್ಟಿನಲ್ಲಿ ಜಾವಾದ ಆವೃತ್ತಿಯನ್ನು ಕೇಳಿ ನೋಡಿ. 64 ಬಿಟ್ ಜಾವಾ ಆಗಿದ್ದರೆ ಕೊನೆಯ ಸಾಲಿನಲ್ಲಿ '64 ಬಿಟ್ ಸರ್ವರ್ ವಿಎಂ' ಎಂದು ಸ್ಪಷ್ಟವಾಗಿ ಬರುತ್ತದೆ. 32 ಬಿಟ್ ಆಗಿದ್ದರೆ ಬಿಟ್‌ನ ಉಲ್ಲೇಖವೇ ಇರುವುದಿಲ್ಲ. ಬಳಿಕ 64 ಬಿಟ್ ಜಾವಾ ಸ್ಥಾಪಿಸಿ. ಬೇರೆ ತಂತ್ರಾಂಶಕ್ಕೆ ಹಳೆಯದು ಬೇಕಿದ್ದರೆ ಅದನ್ನು ತೆಗೆಯಬೇಕಾಗಿಲ್ಲ, ಎರಡೂ ಒಟ್ಟಿಗೆ ಇರಬಹುದು. ಆದರೆ ಜಾವಾ ಹೋಮ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ (ತಂತ್ರಾಂಶಗಳು ಓದಿಕೊಳ್ಳುವಂತೆ ವಿಂಡೋಸ್‌ನಲ್ಲಿ ಹೆಸರಿಟ್ಟು ಇಡುವ ಮೌಲ್ಯ) ಎಂದೋ ಹಳೆಯ ಫೋಲ್ಡರಿಗೆ ನಿಗದಿಯಾಗಿದ್ದರೆ ಆರ್‌ಜಾವಾ ರಿಜಿಸ್ಟ್ರಿಗಿಂತ ಮೊದಲು ಅದನ್ನೇ ನಂಬುತ್ತದೆ. ಆದ್ದರಿಂದ ಅದನ್ನು ಅಳಿಸಿ, ಇಲ್ಲವೇ ಹೊಸ ಫೋಲ್ಡರಿಗೆ ಬದಲಿಸಿ. ಕೊಡಬೇಕಾದದ್ದು ಜಾವಾದ ಮೂಲ ಫೋಲ್ಡರು, ಅದರೊಳಗಿನ ಬಿನ್ ಅಲ್ಲ. ಆರ್‌ನೊಳಗಿಂದಲೇ ನಿಗದಿಪಡಿಸುವುದಾದರೆ ಹಾದಿಯಲ್ಲಿ ಮುಂದಕ್ಕೆ ವಾಲಿದ ಓರೆಗೆರೆ ಬಳಸಿ, ಆರ್‌ಜಾವಾವನ್ನು ಕರೆಯುವುದಕ್ಕೆ ಮೊದಲೇ ಮಾಡಿ. ಆ ಮೊದಲು ಆರ್ ಅನ್ನು ಮುಚ್ಚಿ ತೆರೆಯುವುದು ಒಳ್ಳೆಯದು.

ಜಿಪ್ ಕಡತವಾಗಿ ಇಳಿಸಿಕೊಂಡು ಬಿಚ್ಚಿಟ್ಟ ಜಾವಾ ರಿಜಿಸ್ಟ್ರಿಯಲ್ಲಿ ಏನನ್ನೂ ಬರೆಯುವುದಿಲ್ಲವಾದ್ದರಿಂದ, ಅದು 64 ಬಿಟ್ ಆಗಿದ್ದರೂ ಇದೇ ಸಂದೇಶ ಬರಬಹುದು. ಆಗ ಜಾವಾ ಹೋಮ್ ನಿಗದಿಪಡಿಸಿದರೆ ಸಾಕು.

ಇಷ್ಟೆಲ್ಲದರ ನಂತರವೂ ನನ್ನ ಅಭಿಪ್ರಾಯವೆಂದರೆ, ಕೇವಲ ಎಕ್ಸೆಲ್ ಓದುವುದಕ್ಕಾಗಿ ಜಾವಾದ ಗೊಡವೆಯೇ ಬೇಡ. ರೀಡ್‌ಎಕ್ಸ್‌ಎಲ್ ಪ್ಯಾಕೇಜು ಹಳೆಯ ಎಕ್ಸ್‌ಎಲ್‌ಎಸ್ ಮತ್ತು ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್ ಎರಡೂ ಬಗೆಯ ಕಡತಗಳನ್ನು ಜಾವಾ ಇಲ್ಲದೆಯೇ ಓದುತ್ತದೆ. ಬರೆಯುವುದಕ್ಕೆ ಓಪನ್‌ಎಕ್ಸ್‌ಎಲ್‌ಎಸ್‌ಎಕ್ಸ್ ಇದೆ. ನಿಮ್ಮ ಕಚೇರಿ ಇನ್ನೂ ಹಳೆಯ ಎಕ್ಸ್‌ಎಲ್‌ಎಸ್ ರೂಪದಲ್ಲೇ ಕಡತ ಬರೆದುಕೊಡಬೇಕೆಂದು ಕೇಳುತ್ತಿದ್ದರೆ ಈ ಎರಡರಿಂದಲೂ ಅದು ಆಗದು, ಆಗ ಮೇಲೆ ಹೇಳಿದಂತೆ 64 ಬಿಟ್ ಜಾವಾ ಹಾಕಿಕೊಂಡು ಈಗಿನ ಪ್ಯಾಕೇಜನ್ನೇ ಮುಂದುವರಿಸಿ.