ಕುತ್ತಿಗೆಗೆ ಸ್ಟೆಂಟ್: ಚೂರು ಮಿದುಳಿಗೆ ಹೋಗದಂತೆ ತಡೆಯುವುದು ಹೇಗೆ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಎಡಗಡೆಯ ಕರೋಟಿಡ್ ರಕ್ತನಾಳ ಶೇ 80ರಷ್ಟು ಕಟ್ಟಿಕೊಂಡಿದೆ. ಹೋದ ವಾರ ಹತ್ತು ನಿಮಿಷ ಬಲಗೈ ಸ್ವಾಧೀನ ತಪ್ಪಿತ್ತು. ಸ್ಟೆಂಟ್ ಹಾಕುವಾಗ ಚೂರು ಮಿದುಳಿಗೆ ಹೋಗದ ಹಾಗೆ ‘ಛತ್ರಿ’ ಇಡುತ್ತೇವೆ ಎಂದಿದ್ದಾರೆ. ಛತ್ರಿ ಇದ್ದರೆ ಲಕ್ವದ ಭಯ ಇಲ್ಲವೇ?

ಭಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಛತ್ರಿ ಎಂದರೆ ಸಣ್ಣ ವೈರಿನ ತುದಿಗಿರುವ ಜರಡಿಯಂಥ ಚೀಲ. ರಕ್ತ ಹರಿಯಲು ಬಿಟ್ಟು ಚೂರನ್ನು ಹಿಡಿಯುವುದು ಅದರ ಕೆಲಸ. ಬಿಚ್ಚಿಕೊಂಡ ಕ್ಷಣದಿಂದ ಮಡಚಿ ಹೊರತೆಗೆಯುವವರೆಗೆ ಮಾತ್ರ ಅದು ಕಾವಲಿರುತ್ತದೆ. ಅಪಾಯವಾದರೋ ಅದಕ್ಕೂ ಮೊದಲೇ ಶುರುವಾಗಿ, ಆಮೇಲೂ ಕೆಲವು ದಿನ ಇರುತ್ತದೆ.

ಕುತ್ತಿಗೆಯಲ್ಲಿ ಕರೋಟಿಡ್ ಎರಡು ಕವಲಾಗುತ್ತದೆ. ಒಂದು ಮುಖದ ಕಡೆಗೆ, ಇನ್ನೊಂದು ಮಿದುಳಿಗೆ. ಕವಲಿನ ಬುಡದಲ್ಲಿ ಬೆಳೆಯುವ ಪ್ಲಾಕ್ (ರಕ್ತನಾಳದ ಗೋಡೆಗೆ ಕಟ್ಟುವ ಕೊಬ್ಬಿನ ಗಂಟು) ಒಳಗೆ ಮೆತ್ತಗಿನ ಕೊಲೆಸ್ಟರಾಲ್, ಹೆಪ್ಪುಗಟ್ಟಿದ ರಕ್ತ, ಅಲ್ಲಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದನ್ನು ಬಲೂನಿನಿಂದ ಒತ್ತಿದರೆ ಚೂರು ಏಳದೆ ಇರದು.

ಕೆಲಸ ನಡೆಯುವ ಕ್ರಮ ನೋಡಿ. ತೊಡೆಸಂದಿನಿಂದ ಶೀತ್ ಎಂಬ ಉದ್ದನೆಯ ಕೊಳವೆ ಕುತ್ತಿಗೆಯ ಬುಡಕ್ಕೆ ಬರುತ್ತದೆ. ಹೆಪರಿನ್ ಕೊಟ್ಟು, ಎಸಿಟಿ ಪರೀಕ್ಷೆಯಲ್ಲಿ ರಕ್ತ ಹೆಪ್ಪುಗಟ್ಟುವ ಸಮಯವನ್ನು 250ರಿಂದ 300 ಸೆಕೆಂಡಿಗೆ ಏರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಜರಡಿಯ ಮೇಲೆಯೇ ರಕ್ತ ಗಡ್ಡೆ ಕಟ್ಟುತ್ತದೆ. ನಂತರ 0.014 ಇಂಚಿನ ವೈರಿನ ಮೇಲೆ ಮಡಚಿದ ಛತ್ರಿಯನ್ನು ಕಟ್ಟಿಕೊಂಡ ಜಾಗ ದಾಟಿಸಬೇಕು. ಮಡಚಿದಾಗಲೂ ಅದು ಒಂದು ಮಿಲಿಮೀಟರಿಗಿಂತ ತುಸು ದಪ್ಪ. ಅಂದರೆ ಪ್ಲಾಕನ್ನು ಮೊದಲು ತಾಗುವುದು ಛತ್ರಿಯೇ, ಆಗ ಅದಕ್ಕೆ ಕಾವಲು ಯಾರೂ ಇಲ್ಲ. ದಾಟಿದ ಮೇಲೆ ಕೆಲವು ಸೆಂಟಿಮೀಟರ್ ಮೇಲೆ, ರಕ್ತನಾಳ ತಲೆಬುರುಡೆ ಹೊಗುವ ಮುಂಚೆ, ನೇರವಾದ ಜಾಗ ನೋಡಿ ಬಿಚ್ಚುತ್ತಾರೆ. ತಿರುವಿನಲ್ಲಿ ಬಿಚ್ಚಿದರೆ ಅಂಚು ಗೋಡೆಗೆ ಕೂರದೆ ಸಂದಿ ಉಳಿಯುತ್ತದೆ. ಒಂದೇ ಕೋನದ ಚಿತ್ರದಲ್ಲಿ ಸಂದಿ ಕಾಣದೇ ಹೋಗಬಹುದು, ಎರಡು ಕೋನದಲ್ಲಿ ನೋಡುವುದೇ ಸರಿ.

ಆಮೇಲೆ ಅಗತ್ಯವಿದ್ದರೆ 3-4 ಮಿ.ಮೀ. ಬಲೂನ್, ನಂತರ ಸ್ಟೆಂಟ್, ಕೊನೆಗೆ ಸ್ಟೆಂಟ್ ಒಳಗೆ ಸುಮಾರು 5 ಮಿ.ಮೀ. ಬಲೂನ್. ಹೆಚ್ಚು ಚೂರು ಏಳುವುದು ಈ ಕೊನೆಯ ಬಲೂನಿನಲ್ಲಿ: ಸ್ಟೆಂಟಿನ ಕಂಬಿಗಳ ಸಂದಿಯಿಂದ ಪ್ಲಾಕ್ ಹಿಂಡಿಕೊಂಡು ಬರುತ್ತದೆ. ಆದ್ದರಿಂದ ಒಮ್ಮೆ ಮಾತ್ರ ಊದಿ, ಶೇ 20ರಷ್ಟು ಇಕ್ಕಟ್ಟು ಉಳಿದರೆ ಉಳಿಯಲಿ ಎಂದು ಬಿಡುವುದು ಜಾಣತನ. ಚಿತ್ರ ಚೆಂದ ಕಾಣಲೆಂದು ಮತ್ತೆ ಮತ್ತೆ ಊದುವ ಆಸೆಗೆ ಬೆಲೆ ತೆರುವವರು ರೋಗಿ.

ಜರಡಿಯ ತೂತುಗಳು ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಅದಕ್ಕಿಂತ ಸಣ್ಣದು ನುಸುಳುತ್ತದೆ. ಇನ್ನೊಂದು ದಾರಿ ಎದೆಯೊಳಗಿನ ಮಹಾಧಮನಿಯ ಬಾಗು. ವಯಸ್ಸಾದವರಲ್ಲಿ ಅದು ಸುತ್ತಿಕೊಂಡು, ಗೋಡೆ ಒರಟಾಗಿರುತ್ತದೆ. ಕ್ಯಾಥೆಟರ್ ತಿರುಗಿಸುವಾಗ ಅಲ್ಲಿಂದಲೇ ಚೂರು ಏಳಬಹುದು. ಸ್ಟೆಂಟ್ ಹಾಕದ ಇನ್ನೊಂದು ಬದಿಯ ಮಿದುಳಿನಲ್ಲೂ ಕೆಲವೊಮ್ಮೆ ಎಂ.ಆರ್.ಐ.ನಲ್ಲಿ ಹೊಸ ಕಲೆ (ರಕ್ತ ಸಿಗದೆ ಹಾನಿಯಾದ ಜಾಗದ ಗುರುತು) ಸಿಗುವುದು ಇದೇ ಕಾರಣಕ್ಕೆ. ಹೀಗಾಗಿ ಮುಂಚೆಯೇ ಸಿ.ಟಿ. ಆಂಜಿಯೋಗ್ರಾಮ್‌ನಲ್ಲಿ ಬಾಗನ್ನೂ ನೋಡಿರಬೇಕು.

ನೀವು ಕೇಳದ ಒಂದು ಮಾತು: ಕುತ್ತಿಗೆ ಕೊಯ್ದು ಪ್ಲಾಕ್ ತೆಗೆಯುವ ತೆರೆದ ಶಸ್ತ್ರಚಿಕಿತ್ಸೆ ಏಕೆ ಬೇಡ ಎಂದು ವೈದ್ಯರನ್ನು ಕೇಳಿ. ಎರಡನ್ನೂ ಹೋಲಿಸಿದ 2010ರ ಕ್ರೆಸ್ಟ್ ಅಧ್ಯಯನದಲ್ಲಿ 2,502 ಜನರಿದ್ದರು. ಚಿಕಿತ್ಸೆಯ ಆಸುಪಾಸಿನಲ್ಲಿ ಸ್ಟ್ರೋಕ್ ಆದದ್ದು ಸ್ಟೆಂಟ್ ಗುಂಪಿನಲ್ಲಿ ಶೇ 4.1, ಶಸ್ತ್ರಚಿಕಿತ್ಸೆಯಲ್ಲಿ ಶೇ 2.3, ಹೃದಯಾಘಾತ ಮಾತ್ರ ತಿರುವುಮುರುವು, ಶೇ 1.1 ಮತ್ತು 2.3. ವಯಸ್ಸು 70 ದಾಟಿದಂತೆ ತಕ್ಕಡಿ ಶಸ್ತ್ರಚಿಕಿತ್ಸೆಯ ಕಡೆ ವಾಲುತ್ತದೆ. ಕೈ ಸ್ವಾಧೀನ ತಪ್ಪಿ ಎರಡು ವಾರದೊಳಗೆ ಚಿಕಿತ್ಸೆ ಆಗುವುದು ಒಳ್ಳೆಯದು, ತಡಮಾಡಬೇಡಿ. ಹೃದಯ ದುರ್ಬಲವಾಗಿದ್ದರೆ, ಕುತ್ತಿಗೆಗೆ ಮೊದಲೇ ರೇಡಿಯೇಶನ್ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದರೆ ಸ್ಟೆಂಟ್ ಆಯ್ಕೆಗೆ ಗಟ್ಟಿ ಕಾರಣವಿದೆ.

ಪ್ರಶ್ನೆ: ಛತ್ರಿ ಚೂರಿನಿಂದ ತುಂಬಿ ಕಟ್ಟಿಕೊಂಡರೆ ಏನು ಮಾಡುತ್ತಾರೆ?

ಪರದೆಯ ಮೇಲೆ ಗೊತ್ತಾಗುತ್ತದೆ: ಡೈ ಛತ್ರಿಯ ಕೆಳಗೇ ನಿಂತುಬಿಡುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಇಲ್ಲಿ ಗಾಬರಿಯಿಂದ ಆಗುವ ತಪ್ಪೆಂದರೆ ಕೂಡಲೇ ಛತ್ರಿ ಮಡಚುವುದು. ನಿಂತ ರಕ್ತದಲ್ಲಿ ಚೂರುಗಳು ತೇಲುತ್ತಿರುತ್ತವೆ. ಮಡಚಿದ ಕ್ಷಣ ಅಷ್ಟೂ ಮಿದುಳಿಗೆ. ಮೊದಲು ಹೀರುವ ಕ್ಯಾಥೆಟರನ್ನು ಛತ್ರಿಯ ಹತ್ತಿರಕ್ಕೆ ಒಯ್ದು, 20 ಮಿ.ಲೀ. ಸಿರಿಂಜಿನಲ್ಲಿ ಒಂದೆರಡು ಬಾರಿ ರಕ್ತ ಹೀರಿ ತೆಗೆಯಬೇಕು. ಆಮೇಲೆ ಛತ್ರಿಯ ಬಾಯಿ ಮುಚ್ಚುವಷ್ಟು ಮಾತ್ರ ಮಡಚಿ ಎಳೆಯುವುದು. ತುಂಬಿದ ಚೀಲವನ್ನು ಪೂರ್ತಿ ಒಳಗೆಳೆದರೆ ಒಳಗಿದ್ದದ್ದು ಹಿಂಡಿ ಹೊರಬರುತ್ತದೆ.

ಎಲ್ಲಾ ನಿಧಾನ ಹರಿವೂ ಚೂರಿನಿಂದಲ್ಲ. ಛತ್ರಿ ತಾಗಿ ರಕ್ತನಾಳವೇ ಬಿಗಿದುಕೊಂಡಿದ್ದರೆ ಅದನ್ನು ಸಡಿಲಿಸುವ ನೈಟ್ರೊಗ್ಲಿಸರಿನ್ 100-200 ಮೈಕ್ರೊಗ್ರಾಂ ಸಾಕಾಗುತ್ತದೆ. ಛತ್ರಿ ತೆಗೆದ ಮೇಲೆ ತಾನೇ ಸಡಿಲವಾಗುವುದೂ ಉಂಟು. ಬಿ.ಪಿ. ಬಿದ್ದಿದ್ದರೆ ನೈಟ್ರೊಗ್ಲಿಸರಿನ್ ಬೇಡ. ಬಲೂನ್ ಊದಿದಾಗ ಕವಲಿನ ಬುಡದ ನರಗಳು ಒತ್ತಿ ನಾಡಿ ಮತ್ತು ಬಿ.ಪಿ. ಕುಸಿಯುವುದು ಸಾಮಾನ್ಯ, ಅದಕ್ಕೇ ನಾಡಿ ಏರಿಸುವ ಅಟ್ರೊಪಿನ್ 0.5-1 ಮಿ.ಗ್ರಾಂ ಮೊದಲೇ ಕೊಡುತ್ತಾರೆ.

ರೋಗಿಗೆ ಪೂರ್ತಿ ಪ್ರಜ್ಞೆ ತಪ್ಪಿಸದಿರುವುದು ಚೂರು ಮಿದುಳಿಗೆ ಹೋದರೆ ಕೂಡಲೇ ಗೊತ್ತಾಗಲೆಂದೇ. ಎಡಗಡೆ ಸ್ಟೆಂಟ್ ಆದರೆ ಬಲಗೈಗೆ ಅದುಮಿದರೆ ಕೀಕ್ ಎನ್ನುವ ರಬ್ಬರ್ ಗೊಂಬೆ ಕೊಟ್ಟು, ಪ್ರತಿ ಹಂತದಲ್ಲೂ ‘ಅದುಮಿ’ ಎನ್ನುತ್ತಾರೆ. ಸದ್ದು ಬಾರದಿದ್ದರೆ, ಮಾತು ತೊದಲಿದರೆ, ಮುಂದಿನ ಚಿತ್ರ ತೆಗೆಯಬೇಕಾದದ್ದು ಮಿದುಳಿನ ರಕ್ತನಾಳದ್ದು.

ಪ್ರಶ್ನೆ: ಛತ್ರಿ ಬೇಡ, ಬಲೂನಿನಿಂದ ರಕ್ತ ನಿಲ್ಲಿಸುತ್ತೇವೆ ಎಂದು ಇನ್ನೊಬ್ಬ ವೈದ್ಯರು ಹೇಳಿದರು. ಯಾವುದು ಒಳ್ಳೆಯದು?

ಮೆತ್ತಗಿನ, ಹುಣ್ಣಾದ ಪ್ಲಾಕ್ ಇದ್ದರೆ ನಮ್ಮ ಒಲವು ಬಲೂನಿನ ಕಡೆಗೆ. ಒಂದು ಬಲೂನ್ ಕವಲಿನ ಕೆಳಗೆ, ಇನ್ನೊಂದು ಮುಖದ ಕಡೆಯ ಕವಲಿನಲ್ಲಿ ಊದುತ್ತಾರೆ. ಮಿದುಳಿನ ಕಡೆಗೆ ರಕ್ತ ನಿಂತುಬಿಡುತ್ತದೆ, ಪ್ಲಾಕನ್ನು ವೈರ್ ಮುಟ್ಟುವ ಮೊದಲೇ ಕಾವಲು ಸಿದ್ಧ. ಕೊನೆಯಲ್ಲಿ 20 ಮಿ.ಲೀ.ಯ ಮೂರು ಸಿರಿಂಜ್ ರಕ್ತ ಹೀರಿ ಜಾಲರಿಯ ಮೇಲೆ ಸುರಿದು ನೋಡುತ್ತಾರೆ. ಮೂರನೆಯದರಲ್ಲೂ ಚೂರಿದ್ದರೆ ಇನ್ನೊಂದು ಹೀರುತ್ತಾರೆ. 62 ಜನರ ಪ್ರೊಫಿ ಅಧ್ಯಯನದಲ್ಲಿ ಎಂ.ಆರ್.ಐ.ನ ಹೊಸ ಕಲೆಗಳು ಛತ್ರಿ ಗುಂಪಿನ ಶೇ 87 ಜನರಲ್ಲಿ, ಬಲೂನ್ ಗುಂಪಿನ ಶೇ 45 ಜನರಲ್ಲಿ ಕಂಡವು.

ಆದರೆ ಆ ಕೆಲವು ನಿಮಿಷ ಮಿದುಳಿನ ಆ ಭಾಗ ಬದಲಿ ದಾರಿಯ ರಕ್ತದ ಮೇಲೆ ಬದುಕಬೇಕು. ಇನ್ನೊಂದು ಕಡೆಯ ಕರೋಟಿಡ್ ಮುಚ್ಚಿಹೋಗಿದ್ದರೆ, ಅಥವಾ ಬಲೂನ್ ಊದಿದಾಗ ಅದರಿಂದಾಚೆ, ಮಿದುಳಿನ ಕಡೆಯ ರಕ್ತನಾಳದೊಳಗಿನ ಒತ್ತಡ 40 ಮಿ.ಮೀ. ಪಾದರಸಕ್ಕಿಂತ ಕೆಳಗೆ ಬಿದ್ದರೆ ಕೆಲವರಿಗೆ ಪ್ರಜ್ಞೆ ಮಸುಕಾಗುತ್ತದೆ. ಜೊತೆಗೆ ಇದಕ್ಕೆ ಬೇಕಾದ ಕೊಳವೆ ದಪ್ಪ, ಬಾಗಿನ ತೊಂದರೆಯೂ ಹಾಗೆಯೇ ಉಳಿಯುತ್ತದೆ.

ಬಾಗನ್ನೇ ತಪ್ಪಿಸುವ ಟಿಕಾರ್ ಎಂಬ ವಿಧಾನವಿದೆ. ಕೊರಳೆಲುಬಿನ ಮೇಲೆ ಸಣ್ಣದಾಗಿ ಕೊಯ್ದು ನೇರವಾಗಿ ಕರೋಟಿಡ್‌ಗೆ ಶೀತ್ ಹಾಕಿ, ರಕ್ತವನ್ನು ಹಿಮ್ಮುಖವಾಗಿ ಹರಿಸಿ, ಸೋಸಿ, ತೊಡೆಯ ಅಭಿಧಮನಿಗೆ ಬಿಡುತ್ತಾರೆ. ಕೊರಳೆಲುಬಿನಿಂದ ಕವಲಿಗೆ ಕನಿಷ್ಠ 5 ಸೆಂ.ಮೀ. ಅಂತರ ಬೇಕು.

ಪ್ರಶ್ನೆ: ಸ್ಟೆಂಟ್ ಆದ ಮರುದಿನ ಎಂ.ಆರ್.ಐ.ನಲ್ಲಿ ಹೊಸ ಚುಕ್ಕೆಗಳು ಕಂಡವು. ತಾಯಿಗೆ ಯಾವ ತೊಂದರೆಯೂ ಇಲ್ಲ. ಛತ್ರಿ ಕೈಕೊಟ್ಟಿತೇ?

ಹಾಗೆನ್ನಲಾಗದು. ಐಸಿಎಸ್ಎಸ್ ಅಧ್ಯಯನದ ಎಂ.ಆರ್.ಐ. ಭಾಗದಲ್ಲಿ ಸ್ಟೆಂಟ್ ಆದವರಲ್ಲಿ ಅರ್ಧದಷ್ಟು ಜನರಿಗೆ ಇಂಥ ಚುಕ್ಕೆ ಇತ್ತು, ಹೆಚ್ಚಿನವರಿಗೆ ಲಕ್ಷಣವಿರಲಿಲ್ಲ. ವಿಚಿತ್ರವೆಂದರೆ, ಛತ್ರಿ ಬಳಸುವ ಆಸ್ಪತ್ರೆಗಳಲ್ಲೇ ಅದು ಹೆಚ್ಚು (ಶೇ 73, ಬಳಸದ ಕಡೆ ಶೇ 34). ಇದಕ್ಕೆ ಎದುರಾಗಿ ಫ್ರಾನ್ಸಿನ ಇವಾ-3ಎಸ್ ಅಧ್ಯಯನದಲ್ಲಿ, ತಡೆ ಸಾಧನವಿಲ್ಲದೆ ಸ್ಟೆಂಟ್ ಹಾಕಿದ 15 ಜನರಲ್ಲಿ 4 ಮಂದಿಗೆ, ಇದ್ದ 58ರಲ್ಲಿ 5 ಮಂದಿಗೆ ಸ್ಟ್ರೋಕ್ ಆಗಿ, ಸಾಧನವಿಲ್ಲದೆ ಹಾಕುವುದನ್ನೇ ನಿಲ್ಲಿಸಿದರು. ಎರಡೂ ಕಡೆ ‘ಹಾಕುವುದೋ ಬೇಡವೋ’ ಎಂದು ಚೀಟಿ ಎತ್ತಿ ಹೋಲಿಸಿದ್ದಲ್ಲ, ಆದ್ದರಿಂದ ಯಾವುದನ್ನೂ ಕೊನೆಯ ಮಾತೆನ್ನಬೇಡಿ. ಛತ್ರಿಯನ್ನು ಬಿಡಬೇಕು ಎನ್ನುವುದಕ್ಕೆ ನಮಗೆ ಕಾರಣ ಕಾಣದು.

ಈಗ ನಿಮ್ಮ ಕೈಲಿರುವುದು ಮಾತ್ರೆ. ಛತ್ರಿ ತೆಗೆದ ಮೇಲೂ ಕಂಬಿಗಳ ಸಂದಿಯಿಂದ ಚೂರು ಜಾರಬಹುದು, ಕಂಬಿಯ ಮೇಲೆ ರಕ್ತ ಗಡ್ಡೆ ಕಟ್ಟಬಹುದು. ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ಕನಿಷ್ಠ ನಾಲ್ಕು ವಾರ ತಪ್ಪಿಸಬೇಡಿ. ಹಲ್ಲು ಕೀಳಿಸಬೇಕೆಂದರೂ ಸ್ಟೆಂಟ್ ಹಾಕಿದವರನ್ನು ಕೇಳದೆ ನಿಲ್ಲಿಸಬೇಡಿ. ಒಂದೇ ಬದಿಯ ಜೋರು ತಲೆನೋವು, ಏರಿದ ಬಿ.ಪಿ., ಫಿಟ್ಸ್ ಬಂದರೆ ಅದು ಚೂರಿನದ್ದಲ್ಲದೆ ಮಿದುಳಿಗೆ ರಕ್ತ ಮಿತಿಮೀರಿ ನುಗ್ಗಿದ್ದರಿಂದಲೂ ಇರಬಹುದು. ಅಂದೇ, ಆ ಗಂಟೆಯೇ ಆಸ್ಪತ್ರೆಗೆ ಕರೆದೊಯ್ಯಿರಿ.